ಹೊರಕ್ಕೆ ತೆರೆಯುವ ಬಾಗಿಲು

ಶಿವನಂಜಪ್ಪ ಭಾನುವಾರ ಬೆಳಿಗ್ಗೆ ತೀರಿಕೊಂಡ. ಚಳಿಜ್ವರ, ಮೂರನೆಯ ಸಲ ಬಂದದ್ದು ಬಿಡಲಿಲ್ಲ. ಸುಲ್ತಾನ್ ಬತ್ತೇರಿಯ ಅಂಗಡಿಯಲ್ಲಿ ಮೆಣಸು ತೂಗುತ್ತಿದ್ದ ಚೆಲುವರಾಜುವಿಗೆ ಸುದ್ದಿ ಮುಟ್ಟಿದಾಗ ತಕ್ಕಡಿ ಕೆಳಗಿಡುವುದೂ ತೋಚಲಿಲ್ಲ.

ಇಬ್ಬರೂ ನಂಜನಗೂಡಿನ ಕಡೆಯವರು. ತಿರುವಾಂಕೂರಿನವರು ಸಂಸಾರ ಸಮೇತ ಘಟ್ಟ ಹತ್ತಿ ಕಾಡು ಕಡಿಯುತ್ತಿದ್ದ ವರ್ಷಗಳಲ್ಲಿ ಇವರು ಗುಂಡ್ಲುಪೇಟೆಯ ದಾರಿಯಲ್ಲಿ ಬಂದು ನೆಲೆಯೂರಿದ್ದರು. ಅದಕ್ಕೂ ಮೊದಲು ಶಿವನಂಜಪ್ಪ ರೈಲು ಬೋಗಿಗಳ ಬಡಗಿ. ರೈಲೇ ಇಲ್ಲದ ವಯನಾಡಿಗೆ ಅವನು ತಂದದ್ದು ಉಳಿಯ ಪೆಟ್ಟಿಗೆ ಮತ್ತು ಒಂದು ನೋಟ್‌ಪುಸ್ತಕ. ಹೋದ ಹೋದ ಸೀಮೆಯ ಗಾಡಿಗಳಲ್ಲಿ ಬೆಂಕಿಯ ಬಗ್ಗೆ ಬರೆದಿದ್ದ ಕಟ್ಟಳೆಗಳನ್ನೆಲ್ಲ ಅದರಲ್ಲಿ ಇಳಿಸಿಕೊಂಡಿದ್ದ. ಸಂಜೆ ಅಂಗಡಿಯ ಜಗಲಿಯಲ್ಲಿ ಚಾ ಕುಡಿಯುತ್ತ ಓದುತ್ತಿದ್ದ: ಮೈಸೂರು ಕಡೆ ಸೀಮೆಎಣ್ಣೆ ತರಕೂಡದು, ಮದರಾಸು ಕಡೆ ಒಲೆ ಹಚ್ಚಕೂಡದು, ಕೊಚ್ಚಿ ಕಡೆ ಮರಳಿನ ಬಕೆಟ್ಟು ಖಾಲಿ ಇರಕೂಡದು.

“ಎಲ್ಲಾ ಬೆಂಕಿ ಬರ್ದೇ ಇರಾಕೆ ಕಣ್ಲಾ ರಾಜು. ಬಂದ್ಮೇಲೆ ಮನ್ಸ ಆಚ್ಗೆ ಹೋಗಾದೆಂಗೆ ಅಂತ ಒಂದ್ರಲ್ಲೂ ಇಲ್ಲ.”

ಸುಟ್ಟ ಬೋಗಿಯೊಂದನ್ನು ಅವನು ರಿಪೇರಿ ಮಾಡಿದ್ದನಂತೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಜನ ಒತ್ತರಿಸಿ ನಿಂತಮೇಲೆ ತೆರೆದೀತು ಹೇಗೆ? ಹಲಗೆಯ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು. ಇಷ್ಟನ್ನು ಅವನು ಒಂದೇ ಸಲ ಹೇಳಿದ್ದ.

ಪೊನ್ಕುಳಿಯ ಹತ್ತಿರ ಹುಲ್ಲುಮಾಡಿನ ಶಾಲೆ ಎದ್ದಾಗ ಚೆಲುವರಾಜು ಅದರ ಕಮಿಟಿಯ ಮುಖ್ಯಸ್ಥ. ನಲವತ್ತು ಮಕ್ಕಳು, ಒಂದೇ ಬಾಗಿಲು, ಮೂಲೆಯಲ್ಲಿ ಗಂಜಿ ಬೇಯಿಸುವ ಒಲೆ. ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ಮಾಡಬೇಕೆಂದು ಶಿವನಂಜಪ್ಪ ಹಟ ಹಿಡಿದ.

“ಇದು ಶಾಲೆ ಚೇಟ್ಟಾ, ತೀವಂಡಿ ಅಲ್ಲ, ರೈಲಲ್ಲ!” ಎಂದರು ಮಲಯಾಳಿ ಮೇಷ್ಟರು ಭಾಸ್ಕರನ್. “ಒಳಗೆ ಅಕ್ಕಿ ಇದೆ. ಆನೆ ಸೊಂಡಿಲಲ್ಲಿ ಎಳೆದುಬಿಟ್ಟರೆ?”

“ಆನೆ ವರ್ಸಕ್ಕೊಂದ್ಸಲ ಬತ್ತದೆ ಮಾಷೇ. ಒಲೆ ದಿನಾ ಉರೀತದೆ.”

“ಕೆಲ್ಸ ಬಿಟ್ರೂ ರೈಲು ಇವನ್ನ ಬಿಡ್ನಿಲ್ಲ,” ಎಂದ ಚೆಲುವರಾಜು. ಎಲ್ಲರೂ ನಕ್ಕರು. ಬಾಗಿಲು ಒಳಕ್ಕೆ ತೆರೆಯುವ ಹಾಗೇ ಉಳಿಯಿತು. ಆಮೇಲೂ ಶಿವನಂಜಪ್ಪ ಜಗಲಿಗೆ ಬರುತ್ತಿದ್ದ. ನೋಟ್‌ಪುಸ್ತಕ ಮಾತ್ರ ತರುತ್ತಿರಲಿಲ್ಲ.

ಶನಿವಾರದ ಸಂಗತಿಯನ್ನು ಹೇಳಿದವಳು ಗಂಜಿ ಬೇಯಿಸುವ ಕುಳ್ಳಿ ಎಂಬ ಹೆಂಗಸು, ಮಣ್ಣು ಮುಗಿದ ಮೇಲೆ. ಶಾಲೆಗೆ ರಜೆ. ಶಿವನಂಜಪ್ಪ ಕಂಬಳಿ ಹೊದ್ದು ನಡುಗುತ್ತ ಬಂದನಂತೆ. ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತ ಕೀಲು ಬಿಚ್ಚಿ, ಬಾಗಿಲನ್ನು ತಿರುಗಿಸಿ ಕೂರಿಸಿದ. ರಾತ್ರಿ ಆನೆ ಎಳೆದರೂ ಬಾರದಿರಲೆಂದು ಹೊರಗಡೆ ಎರಡು ದಪ್ಪ ಕೊಕ್ಕೆ ಜಡಿದ. ಆಮೇಲೆ ಒಳಹೊಕ್ಕು ಬಾಗಿಲು ಮುಚ್ಚಿಕೊಂಡು, ಕೈ ಮುಟ್ಟಿಸದೆ ಭುಜದಿಂದ ತಳ್ಳಿದ. ಬಾಗಿಲು ತೆರೆಯಿತು, ಅವನು ಮುಗ್ಗರಿಸಿ ಅಂಗಳದ ಬಿಸಿಲಿಗೆ ಬಂದು ಬಿದ್ದ. ಎದ್ದು, ಮತ್ತೆ ಒಳಹೋಗಿ, ಇನ್ನೊಂದು ಸಲ ತಳ್ಳಿ ನೋಡಿದ.