ಮನೆಯವರು ಒಪ್ಪಲಿಲ್ಲ

ಕಡಲಾಚೆ ನಿಲಾಯ್‌ನಲ್ಲಿರುವ ತಮ್ಮನ ಮನೆಗೆ ಬಂದ ದಿನವೇ ಊಟಕ್ಕೆ ನಾಲ್ಕು ಪ್ಲಾಸ್ಟಿಕ್ ಚೀಲ ಬಂದವು. ಇಲ್ಲಿ ಇದಕ್ಕೆ ತಪಾವ್ ಎನ್ನುತ್ತಾರೆ, ಅಂಗಡಿಯಿಂದ ಕಟ್ಟಿಸಿ ತರುವ ಊಟ. ಸಾರೂ ಚೀಲದಲ್ಲೇ, ಬಾಯಿಗೆ ರಬ್ಬರ್ ಬ್ಯಾಂಡ್. ತಮ್ಮ ಸುರೇಶ ಲ್ಯಾಪ್‌ಟಾಪ್ ಮುಂದೆ ತಿಂದ, ಅವನ ಹೆಂಡತಿ ವೀಣಾ ಟಿವಿ ಮುಂದೆ, ಮಗಳು ಅನಘಾ ಬಾಗಿಲು ಹಾಕಿಕೊಂಡು ಕೋಣೆಯಲ್ಲಿ. ನಾನು ಅಡುಗೆಕಟ್ಟೆಗೆ ಒರಗಿ ನಿಂತು ತಿಂದೆ. ಊರಲ್ಲಿ ನಾಯಿಗೂ ಇದಕ್ಕಿಂತ ಮರ್ಯಾದೆಯಿಂದ ಹಾಕುತ್ತೇವೆ.

ಇಂಥವರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಕಲಿಸಲು ಹೊರಟರು. ಲಿಫ್ಟಿನಲ್ಲಿ ಪಕ್ಕದ ಮನೆಯಾಕೆಗೆ ‘ಮೈ ಫ್ಯಾಮಿಲಿ ಆರ್ ಹ್ಯಾಪಿ’ ಎಂದೆ.

“ಅತ್ತೆ, ಫ್ಯಾಮಿಲಿ ಈಸ್, ಲಾ!” ಅನಘಾ ನಕ್ಕಳು. ‘ಲಾ’ ಇಲ್ಲಿಯವರ ಮಾತಿಗೆಲ್ಲ ಅಂಟಿಕೊಂಡ ಬಾಲ.

“ನಾಲ್ಕು ಜನ ಇದ್ದೇವಲ್ಲ, ಒಂದು ಹೇಗಾಗ್ತದೆ?”

ಸುರೇಶ ಕಾಲೇಜಿನ ಪಾಠ ಶುರುಮಾಡಿದ. “ಎಲ್ಲರದೂ ಒಂದೇ ಮನಸ್ಸಾದ್ರೆ ಈಸ್, ಅಕ್ಕ. ಒಬ್ಬೊಬ್ಬರದು ಒಂದೊಂದಾದ್ರೆ ಬ್ರಿಟಿಷರು ಆರ್ ಅಂತಾರೆ. ಅವರಿಗೆ ಎರಡೂ ಸರಿ.”

“ಊರೆಲ್ಲ ದೋಚಿದವರಿಗೆ ಯಾವುದು ತಪ್ಪು?” ಎಂದೆ.

ಕನ್ನಡದಲ್ಲಿ ಈ ರಗಳೆ ಇಲ್ಲ. ಒಬ್ಬರಿರಲಿ, ಹತ್ತು ಜನರಿರಲಿ, ‘ಮನೆಯವರು ಬಂದರು’ ಎಂದರೆ ಮುಗಿಯಿತು. ಆ ಅನುಕೂಲವನ್ನು ನಾನು ಯಾವುದಕ್ಕೆ ಬಳಸಿದೆ ಎಂದು ಹೇಳಿಬಿಡುತ್ತೇನೆ.

ತಂಗಿ ಲಲಿತಾ ಡಿಗ್ರಿ ಓದಿದವಳು, ಉಡುಪಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡಿದಳು. “ಒಬ್ಬಳೇ ಇರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ನಮ್ಮ ಮನೆಯವರನ್ನೆಲ್ಲ ನೋಡ್ಬೇಕು. ಒಂದು ತಿಂಗಳು ಬರ್ಲಾ? ಸುರೇಶನ ಹತ್ರ ಕೇಳಿ ಹೇಳು.”

ನಾನು ಕೇಳಲೇ ಇಲ್ಲ. ಅವಳು ಬಂದರೆ ಅನಘಾ ಅವಳ ಹಿಂದೆಯೇ ಸುತ್ತುತ್ತಾಳೆ, ಇಬ್ಬರೂ ಇಂಗ್ಲಿಷಿನಲ್ಲಿ ಹರಟುತ್ತಾರೆ. ನಾನು ಎಷ್ಟರವಳು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಎರಡು ದಿನ ಬಿಟ್ಟು, “ಮನೆಯವರು ಒಪ್ಪಲಿಲ್ಲ” ಎಂದೆ. ಆ ಮನೆಯವರು ನಾನೊಬ್ಬಳೇ. ನಾನು ಹೀಗಳೆಯುವ ಉಳಿದವರು ಪಾಪ, ತಮ್ಮ ತಮ್ಮ ಚೀಲ ಬಿಚ್ಚಿ ತಿನ್ನುತ್ತಿದ್ದರು.

ಮೊನ್ನೆ ಸುರೇಶನೇ ಹೇಳಿದ: “ಲಲಿತನ್ನ ಕರೆಸೋಣ ಅಕ್ಕ. ಅವಳು ಯಾಕೋ ಬರ್ತೇನೆ ಅನ್ನುದೇ ಇಲ್ಲ.”

ಫೋನ್ ಮಾಡಿ ಬಾ ಎಂದೆ.

“ಇರ್ಲಿ ಅಕ್ಕ,” ಎಂದಳು. ಆಮೇಲೆ ನೆಂಟರನ್ನು ವಿಚಾರಿಸುವಂತೆ ಕೇಳಿದಳು: “ನಿಮ್ಮ ಮನೆಯವರೆಲ್ಲ ಸೌಖ್ಯವಾ?”

ಸೌಖ್ಯ ಎಂದೆ. ತಂಗಿಗೂ ತಮ್ಮನಿಗೂ ಇನ್ನೂ ನಿಜ ಹೇಳಿಲ್ಲ.

“ಅತ್ತೆ, ಮಕಾನ್!” ಅನಘಾ ಇಲ್ಲಿಯ ಮಾತಿನಲ್ಲಿ ಊಟಕ್ಕೆ ಕೂಗಿದಳು. ನನ್ನ ಚೀಲ ಎತ್ತಿಕೊಂಡು ಅಡುಗೆಕಟ್ಟೆಗೆ ಒರಗಿ ನಿಂತೆ.