ಅವ್ವನ ಸೆರಗಿನ ಗಂಟು

ನಮ್ಮ ಅವ್ವ ಯಾವ ಕೆಲಸವನ್ನೂ ಬರೆದಿಟ್ಟವಳಲ್ಲ. ನೆನಪಿಡಬೇಕಾದದ್ದು ಏನಾದರೂ ಬಂದರೆ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಬಿಚ್ಚುತ್ತಿದ್ದಳು. ಅದಕ್ಕೂ ಮೊದಲು ಬಿಚ್ಚುವಂತಿಲ್ಲ, ಬೇರೆಯವರಂತೂ ಮುಟ್ಟುವಂತೆಯೇ ಇಲ್ಲ. ಚಿಕ್ಕವಳಿದ್ದಾಗ ಆಟಕ್ಕೆಂದು ಒಮ್ಮೆ ಬಿಚ್ಚಿ ಬೆನ್ನಿಗೆ ಸರಿಯಾಗಿ ತಿಂದಿದ್ದೇನೆ. ಆವತ್ತು ಜೋಳದ ಹಿಟ್ಟು ಗಿರಣಿಯಲ್ಲೇ ಉಳಿದು, ರೊಟ್ಟಿಯಿಲ್ಲದೆ ಎಲ್ಲರೂ ಅನ್ನ ಉಣ್ಣಬೇಕಾಯಿತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅದು ಸಣ್ಣ ಶಿಕ್ಷೆಯೇನಲ್ಲ.

ನಾನೀಗ ಬಾಗಲಕೋಟೆಯ ನವನಗರದಲ್ಲಿ, ಮನೆಗಳ ನಕ್ಷೆ ಮಾಡಿ ಕಟ್ಟಿಸಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಯಾರ ಮನೆಯ ಸ್ಲ್ಯಾಬು ಯಾವಾಗ, ಯಾರ ಬಚ್ಚಲಿಗೆ ಪೈಪು ಬಂದಿಲ್ಲ, ಯಾವ ಗೌಂಡಿ ಮದುವೆಗೆಂದು ಹೋದವನು ತಿರುಗಿ ಬಂದಿಲ್ಲ, ಎಲ್ಲವೂ ನನ್ನ ಮೊಬೈಲಿನ ಒಂದೇ ಒಂದು ಟೆಕ್ಸ್ಟ್ ಫೈಲಿನಲ್ಲಿದೆ. ಬಣ್ಣವಿಲ್ಲ, ಚೌಕವಿಲ್ಲ, ಗಂಟೆಯಿಲ್ಲ. ಒಂದು ಸಾಲಿಗೆ ಒಂದು ಕೆಲಸ. ಮುಗಿದರೆ ಸಾಲಿನ ಮುಂದೆ ಒಂದು ಗುಣಾಕಾರದ ಗುರುತು. ಕಚೇರಿಯವರು ಇದನ್ನು ನೋಡಿ ನಗುತ್ತಾರೆ. ನಗಲಿ. ಅವರ ಪೈಪು ಎಲ್ಲಿದೆ ಎಂದು ಕೊನೆಗೆ ನನ್ನನ್ನೇ ಕೇಳುತ್ತಾರೆ.

ನನ್ನ ಗಂಡ ಕಾಲೇಜೊಂದರ ಕಚೇರಿಯಲ್ಲಿ ದಾಖಲೆಗಳನ್ನು ನೋಡಿಕೊಳ್ಳುವವರು. ಡೇಟಾಬೇಸ್ ಇಲ್ಲದೆ ಅವರಿಗೆ ಊಟ ಸೇರುವುದಿಲ್ಲ. ನಮ್ಮ ಗ್ಯಾಸ್ ಸಿಲಿಂಡರಿಗೂ, ಬೇಸಿಗೆಯಲ್ಲಿ ಹಾಕುವ ಉಪ್ಪಿನಕಾಯಿಗೂ ಅದರಲ್ಲಿ ಜಾಗವಿದೆ. ಗಡುವು ಹತ್ತಿರ ಬಂದರೆ ಸಾಲು ಕೆಂಪಾಗುತ್ತದೆ, ದಾಟಿದರೆ ಮೊಬೈಲು ಬಡಿದುಕೊಳ್ಳುತ್ತದೆ. ಇನ್ನು ಅಪ್ಪ ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಜೀವಮಾನವಿಡೀ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸಿದವನು. ಅವನದು ಚೀಟಿ. ಆಗಬೇಕಾದ ಕೆಲಸದ ಚೀಟಿ ಅಂಗಿಯ ಜೇಬಿಗೆ, ಆದ ಕೆಲಸದ್ದು ಗೋಡೆಯ ತಂತಿಗೆ ಚುಚ್ಚಬೇಕು.

ಇಷ್ಟು ಜನ ಬುದ್ಧಿವಂತರ ನಡುವೆ ಅವ್ವ ಗಂಟು ಬಿಡಲಿಲ್ಲ. ಒಮ್ಮೆ ನಾನೇ ಅವಳ ಮೊಬೈಲಿನಲ್ಲಿ ನೆನಪಿನ ಗಂಟೆ ಇಡಲು ಕಲಿಸಿದೆ. ಒಂದೇ ದಿನ ತಾಳಿದಳು.

"ಇದು ಒದರತೈತಿ. ಓಣ್ಯಾಗಿನ ಮಂದಿಗೆಲ್ಲಾ ಗೊತ್ತಾಕ್ಕೈತಿ. ನನ್ನ ಗಂಟು ಸುಮ್ನ ಇರತೈತಿ, ಕೈ ಹೋದಾಗ ಹೇಳತೈತಿ" ಎಂದಳು.

"ಏನ್ ಕೆಲಸ ಅಂತ ಗಂಟಿನ್ಯಾಗ ಎಲ್ಲಿ ಬರದೈತಿ?" ಎಂದು ನಾನೂ ಬಿಡಲಿಲ್ಲ.

"ಏನ್ ಕೆಲಸ ಅನ್ನೂದು ನನಗ ಗೊತ್ತಿರತೈತಿ. ಬಾಕಿ ಐತಿ ಅನ್ನೂದಷ್ಟ ಮರೀತೇನಿ."

ಇಟ್ಟ ಗಂಟೆಯನ್ನು ನಾನೇ ಅವಳ ಮೊಬೈಲಿನಿಂದ ತೆಗೆದುಹಾಕಿದೆ.

ಅವ್ವ ಹೋದದ್ದು ಎದೆನೋವಿನಿಂದ. ಮಧ್ಯಾಹ್ನ ನೋವು ಬಂತು. ದವಾಖಾನೆಗೆ ಹೊರಡುವಾಗಲೂ ಮನೆಯಲ್ಲಿ ಉಟ್ಟ ಸೀರೆಯಲ್ಲಿ ಹೊರಗೆ ಬರಲು ಒಪ್ಪದೆ, ಅಪ್ಪ ಬೈಯುತ್ತಿದ್ದರೂ ಬೇರೆ ಸೀರೆ ಉಟ್ಟುಕೊಂಡೇ ರಿಕ್ಷಾ ಹತ್ತಿದಳಂತೆ. ತಿರುಗಿ ಬರಲಿಲ್ಲ. ದಿನಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಬಾಗಿಲ ಹಿಂದಿನ ಗೂಟಕ್ಕೆ ಅವಳು ಹಾಕಿ ಹೋಗಿದ್ದ ಹಸಿರು ಸೀರೆಯನ್ನು ಒಗೆಯಲೆಂದು ಎತ್ತಿಕೊಂಡೆ. ಕೆಂಪು ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು.

ಜನರ ಗದ್ದಲದಲ್ಲಿ ನಾನು ನೆಟ್ಟಗೆ ಅತ್ತಿರಲೇ ಇಲ್ಲ. ಬಚ್ಚಲ ಬಾಗಿಲಲ್ಲಿ ಕುಳಿತು ಆಗ ಅತ್ತೆ. ಸದ್ದು ಕೇಳಿ ಬಂದ ಅಪ್ಪ ನನ್ನನ್ನು ನೋಡಿದ, ಗಂಟನ್ನು ನೋಡಿದ, ಮೆಲ್ಲಗೆ ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡ.

"ಒಗೀಬ್ಯಾಡವ್ವಾ. ಬಾಕಿ ಐತಿ ಇದು. ಯಾರಿಗೋ ಮಾತು ಕೊಟ್ಟಾಳ. ಯಾರಿಗಂತ ಕೇಳಬೇಕು."

ಅಪ್ಪನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಸೀರೆಯೂ ಕೈಚೀಲದಲ್ಲಿ ಅವನ ಜೊತೆ ಬಂತು. ಅರ್ಧ ರೊಟ್ಟಿಗೆ ಕೈ ತೊಳೆಯತೊಡಗಿದ. ಮೂರು ಹೊತ್ತೂ ಗಂಟಿನ ಮಾತೇ. ಹಾಕಿಕೊಳ್ಳುತ್ತಿದ್ದದ್ದೂ ಅದೇ ಒಂದು ಬಿಳಿ ಅಂಗಿ, ಗುಂಡಿ ಹೋದಲ್ಲಿ ಒಂದು ಪಿನ್ನು ಚುಚ್ಚಿಕೊಂಡು. ಅಂಥದನ್ನೆಲ್ಲ ನೋಡಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಅಪ್ಪಾ, ಕೊಡಿಲ್ಲೆ ಅಂಗಿ. ಗುಂಡಿ ಹಚ್ಚತೇನಿ."

"ಇರ್ಲಿ ಬಿಡು."

"ಮಗಳು ನೋಡೂದಿಲ್ಲ ಅಂತಾರ ಮಂದಿ."

"ಪಿನ್ನಿಗೇನಾಗೇತಿ? ಚಲೋನ ಐತಿ" ಎಂದು ಎದ್ದುಹೋದ. ಮುದುಕರ ಹಟ ಎಂದುಕೊಂಡು ನಾನು ಒಗ್ಗರಣೆಗೆ ಸೌಟು ಬಡಿದೆ.

ಅಪ್ಪನ ಅವಸ್ಥೆ ನೋಡಲಾರದೆ ನನ್ನ ಗಂಡ ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದು ಕುಳಿತರು. ಅವರಿಗೆ ದುಃಖವಾದಾಗ ಕೋಷ್ಟಕ ಮಾಡುತ್ತಾರೆ. "ಚಿಂತಿ ಮಾಡಬ್ಯಾಡ್ರಿ ಮಾಮಾರ. ಅತ್ತಿಯವರು ಯಾರ್‍ಯಾರ ಜೋಡಿ ಮಾತಾಡತಿದ್ರೋ ಅವರನ್ನೆಲ್ಲಾ ಇದರಾಗ ಹಾಕೂಣು, ಒಬ್ಬೊಬ್ಬರಾಗಿ ಕೇಳೂಣು" ಎಂದರು. ಅಪ್ಪ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಕೆಲಸ ಎಂಬಲ್ಲಿ 'ಗಂಟು' ಎಂದು ಬರೆದದ್ದಾಯಿತು. ಉಳಿಸಲು ಹೋದರೆ ಗಡುವು ಕೇಳಿತು. ಗಡುವು ಹಾಕದೆ ಮುಂದೆ ಹೋಗುವಂತಿಲ್ಲ, ಅವರೇ ಮಾಡಿಕೊಂಡ ನಿಯಮ.

"ಯಾವ ದಿನ ಹಾಕೂಣ್ರಿ?" ಎಂದರು. ಅಪ್ಪ ನನ್ನ ಮುಖ ನೋಡಿದ. ಕೊನೆಗೆ ಯಾವುದೋ ದಿನ ಹಾಕಿದರು. ಆಮೇಲೆ ಜವಾಬ್ದಾರಿ ಯಾರದು ಎಂದು ಕೇಳಿತು. ಒತ್ತಿದರೆ ಮನೆಯವರ ಹೆಸರುಗಳು ಕೆಳಗೆ ಇಳಿದು ಬಂದವು. ಉಪ್ಪಿನಕಾಯಿಯ ಕಾಲಕ್ಕೆಂದು ಯಾವಾಗಲೋ ಸೇರಿಸಿದ್ದ ಅವ್ವನ ಹೆಸರು ಎಲ್ಲರಿಗಿಂತ ಮೇಲಿತ್ತು.

ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿದರು. ಎದ್ದು ಮುಖ ತೊಳೆದುಕೊಂಡು ಬಂದು, "ಇದು ನಿನ್ನ ಫೈಲಿನ್ಯಾಗ ಇರಲಿ" ಎಂದರು. ಹತ್ತು ವರ್ಷದ ನಮ್ಮ ವಾದದಲ್ಲಿ ಅವರು ಸೋತದ್ದು ಅದೊಂದೇ ಸಲ, ನನಗೆ ಗೆದ್ದ ಖುಷಿ ಒಂದಿಷ್ಟೂ ಆಗಲಿಲ್ಲ. 'ಅವ್ವನ ಗಂಟು' ಎಂದು ಒಂದು ಸಾಲು ಬರೆದೆ. ಯಾವಾಗ, ಯಾರು ಎಂದು ಫೈಲು ಏನೂ ಕೇಳಲಿಲ್ಲ, ಬರೆದಷ್ಟನ್ನೇ ಇಟ್ಟುಕೊಂಡಿತು.

ಮೊದಲು ಹೋದದ್ದು ಹುನಗುಂದಕ್ಕೆ, ಚಿಗವ್ವನ ಮನೆಗೆ. ಅವ್ವನಿಗೆ ಅವಳೊಬ್ಬಳೇ ತಂಗಿ. ಅಪ್ಪ ಚಹಾ ಮುಟ್ಟುವ ಮೊದಲೇ ವಿಷಯ ಹೇಳಿದ.

"ಅಯ್ಯ, ಅದು ನನ್ನ ಗಂಟರೀ!" ಎಂದಳು ಚಿಗವ್ವ. "ಅಗಸಿ ಹಿಂಡಿ ಕುಟ್ಟಿ ಕಳಸ್ತೇನಿ ಅಂದಿದ್ಲು ಅಕ್ಕ. ನಂದ ಅದು."

ಅಪ್ಪನಿಗೆ ನೆಮ್ಮದಿಯಾಗುತ್ತದೆ ಎಂದು ನೋಡಿದರೆ ಅವನ ಮುಖ ಸಣ್ಣದಾಯಿತು. ಅಕ್ಕತಂಗಿಯರ ನೆನಪಿಗೆ ಸಂಕಟವಾಗಿರಬೇಕು ಎಂದುಕೊಂಡೆ. "ಬರಕೋ" ಎಂದ. ಅಗಸೆಬೀಜದ ಚಟ್ನಿಪುಡಿಯೆಂದು ಬರೆದುಕೊಂಡೆ.

ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ. ಅಪ್ಪ ಮಾತ್ರ, ಒಬ್ಬರ ಮಾತು ಕೇಳಿ ಹೇಗೆ ಹೇಳುವುದು ಎಂದು ಇಳಕಲ್ಲಿಗೆ ಹೊರಡಿಸಿದ. ನಮ್ಮ ಓಣಿಯ ಬಳೆ ಅಂಗಡಿಯ ಚಾಚಿ ಅವ್ವನಿಗೆ ದಿನದ ಗೆಳತಿ. ಗಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಓಢಣಿಯಿಂದ ಕಣ್ಣು ಒರೆಸಿಕೊಂಡಳು.

"ಅದು ನಮ್ಮದ ಅಣ್ಣಾರ. ನನ್ನ ಮೊಮ್ಮಗಗ ಕುಂಚಿಗಿ ಹೊಲಸಿಕೊಡ್ತೇನಿ ಅಂದಿದ್ರು. ಖಣದ ಅರಿವಿನ ಹಾಕಬೇಕು, ಬ್ಯಾರೆ ಬ್ಯಾಡ ಅಂತ ಹಟ ಮಾಡಿದ್ರು."

ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಸುವುದೆಂದರೆ ಅವ್ವನಿಗೆ ಹಬ್ಬ. ಹಾಗಾಗಿ ಅದನ್ನೂ ಇಲ್ಲವೆನ್ನಲಾಗಲಿಲ್ಲ. ಬಾದಾಮಿಯಲ್ಲಿದ್ದ ಅವ್ವನ ಶಾಲೆಯ ಗೆಳತಿಗೆ ಫೋನು ಮಾಡಿದರೆ ಅವರೂ ಗಂಟು ತಮ್ಮದೆಂದೇ ಹೇಳಿದರು: ಬನಶಂಕರಿಗೆ ಹೋಗಿ ಹೊಂಡದ ಕಟ್ಟೆಯ ಮೇಲೆ ಕುಳಿತು, ಬುಟ್ಟಿಯಲ್ಲಿ ಮಾರುವ ರೊಟ್ಟಿ, ಪುಂಡಿಪಲ್ಯೆ ಉಣ್ಣಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಗಂಟು ಅದರದೇ, ಅನುಮಾನವೇ ಬೇಡವಂತೆ.

ನನಗೆ ಸಿಟ್ಟೇ ಬಂತು. ಒಂದು ಗಂಟಿಗೆ ಎಷ್ಟು ಜನ ವಾರಸುದಾರರು? ತಮ್ಮ ಡೇಟಾಬೇಸಿನಲ್ಲಾದರೆ ಇದು ತಪ್ಪು ಎಂದು ಆಗಲೇ ಕೆಂಪಾಗುತ್ತಿತ್ತು ಎಂದು ನನ್ನ ಗಂಡ ಮೆಲ್ಲಗೆ ಹೇಳಿದರು. ಯಾರದೆಂದು ಗೊತ್ತು ಹಚ್ಚುವುದು ಹೇಗೆ ಎಂದು ನಾನು ಅಪ್ಪನ ಮೇಲೆ ರೇಗಿದೆ.

"ಎಲ್ಲಾ ಮಾಡಿಬಿಡೂಣವಾ" ಎಂದ ಅಪ್ಪ. ದನಿಯಲ್ಲಿ ಉತ್ಸಾಹವಿರಲಿಲ್ಲ.

ಮಾಡಿದೆವು. ಅಗಸಿಯನ್ನು ಮೊದಲ ಸಲ ಕರಿಕು ಮಾಡಿ, ಎರಡನೆಯ ಸಲ ಹದಕ್ಕೆ ಹುರಿದು ಕುಟ್ಟಿದೆ. ಚಿಗವ್ವ ನಾಲಿಗೆಗೆ ಹಚ್ಚಿ, "ಅಕ್ಕನ ಕೈ ಬಂದಿಲ್ಲ" ಎಂದಳು, ಡಬ್ಬಿಯನ್ನು ಮಾತ್ರ ತಿರುಗಿ ಕೊಡಲಿಲ್ಲ. ಕುಂಚಿಗೆಗೆ ಖಣದ ಬಟ್ಟೆಯನ್ನು ಅಪ್ಪನೇ ಆರಿಸಿದ. ಬೆಳಕಿಗೆ ಹಿಡಿದು, ತಿಕ್ಕಿ ನೋಡಿ, ಅಂಗಡಿಯವನ ತಲೆ ತಿಂದು ತಂದ. ಹೊಲಿಸಿ ಗಲ್ಲದ ಕೆಳಗೆ ಕಟ್ಟಿದರೆ ಕೂಸು ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು, ಚಾಚಿ ನಕ್ಕಳು. ಬನಶಂಕರಿಯಲ್ಲಿ ಅವ್ವನ ಜಾಗದಲ್ಲಿ ಅಪ್ಪ ಕುಳಿತ. ಗೆಳತಿ ಅವ್ವನ ಹುಡುಗಾಟಿಕೆಯ ಕಥೆ ಹೇಳುತ್ತ ಹೋದರು, ಮಂಗಗಳು ರೊಟ್ಟಿಗೆ ಹೊಂಚು ಹಾಕುತ್ತಿದ್ದವು. ಅಷ್ಟು ದಿನದಲ್ಲಿ ಅಪ್ಪ ಬಾಯ್ತುಂಬ ನಕ್ಕದ್ದನ್ನು ನಾನು ಕೇಳಿದ್ದು ಅಲ್ಲಿಯೇ. ವಾಪಸು ಬರುವ ಬಸ್ಸಿನಲ್ಲಿ ಆ ಸಾಲಿಗೂ ಗುರುತು ಹಾಕಿದೆ. ಮೇಲಿನ 'ಅವ್ವನ ಗಂಟು' ಎಂಬ ಸಾಲು ಮಾತ್ರ ಹಾಗೇ ಇತ್ತು.

ಮರುದಿನ ಸಂಜೆ ಚಹಾ ಕೊಟ್ಟು, ಅಪ್ಪನ ಮುಂದೆ ಸೀರೆ ಇಟ್ಟೆ.

"ಎಲ್ಲಾರದೂ ಮುಗೀತಪ್ಪಾ. ಯಾರದಿದ್ರೂ ಅದರಾಗ ಬಂತು. ಇನ್ನ ಬಿಚ್ಚು."

ಅಪ್ಪ ಸೆರಗನ್ನು ಕೈಯಲ್ಲಿ ಹಿಡಿದ. ಬಿಚ್ಚಲಿಲ್ಲ. ಚಹಾ ಆರಿತು.

"ನಂದೊಂದು ಉಳದೈತವ್ವಾ" ಎಂದ.

"ನಿಂದೇನಪ್ಪಾ?"

"ಅವತ್ತ ಮುಂಜಾನಿ ನಾನೂ ಒಂದ ಹೇಳಿದ್ದೆ. ಅಂಗಿ ಗುಂಡಿ ಹರದೈತಿ, ಹಚ್ಚಿಕೊಡು ಅಂತ. ರೊಟ್ಟಿ ಬಡ್ಯಾಕತ್ತಿದ್ಲು, ಹ್ಞೂಂ ಅಂದ್ಲು. ಆಮ್ಯಾಲ ಸೆರಗಿಗೆ ಕೈ ಹಾಕಿದ್ಲೋ ಇಲ್ಲೋ, ನಾ ನೋಡ್ಲಿಲ್ಲ. ನೋಡಬೇಕಾಗಿತ್ತು."

"ಮತ್ತ ಮೊದಲ ಹೇಳಬಾರದಿತ್ತೇನು?"

"ಹೆಂಗ ಹೇಳ್ಲಿ? ಇಷ್ಟ ಸಣ್ಣದು. ಅದಕ್ಕ ಮಂದಿಗೆ ಕೇಳ್ಕೋತ ಹೋದೆ. ಎಲ್ಲಾರೂ ನಂದಲ್ಲ ಅಂದಿದ್ರ, ಅದು ನಂದ ಅಂತಾಗತಿತ್ತು." ಗಂಟಿನ ಮೇಲೆ ಹೆಬ್ಬೆರಳು ಆಡಿಸಿದ. "ಎಲ್ಲಾರೂ ನಂದ, ನಂದ ಅಂದ್ರು."

ಹುನಗುಂದದಲ್ಲಿ ಆ ಮುಖ ಯಾಕೆ ಹಾಗೆ ಸಣ್ಣದಾಯಿತೆಂದು ನನಗೆ ಆಗ ತಿಳಿಯಿತು. ಅವನ ಮೇಲೆ ಇಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ. ಮೊಬೈಲು ತೆಗೆದು, ಎಲ್ಲ ಸಾಲುಗಳಿಗಿಂತ ಮೇಲೆ 'ಅಪ್ಪನ ಅಂಗಿಗೆ ಗುಂಡಿ' ಎಂದು ಬರೆದು ಅವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಪಿನ್ನು ತೆಗೆದು ಪಕ್ಕದಲ್ಲಿಟ್ಟು, ಅಂಗಿ ಕಳಚಿ ನನ್ನ ಕೈಗೆ ಕೊಟ್ಟ.

ಬನಿಯನ್ನಿನಲ್ಲಿ ಕುಳಿತು ನಾನು ದಾರ ಪೋಣಿಸುವುದನ್ನೇ ನೋಡುತ್ತಿದ್ದ. ಹಚ್ಚಿಕೊಟ್ಟೆ. ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಎಲ್ಲ ಗುಂಡಿ ಹಾಕಿಕೊಂಡ. ಅಷ್ಟಾದ ಮೇಲೆ ಸೀರೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಗಂಟಿಗೆ ಕೈ ಹಚ್ಚಿದ. ಬಿಗಿಯಾಗಿತ್ತು, ಹೊತ್ತು ಹಿಡಿಯಿತು, ನಾನು ಸಹಾಯಕ್ಕೆ ಹೋಗಲಿಲ್ಲ. ಬಿಚ್ಚಿದ ಮೇಲೂ ಸೆರಗಿನ ತುದಿ ಮುದುಡಿಕೊಂಡೇ ಇತ್ತು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಮಾಡುತ್ತಿದ್ದ ಹಾಗೆ ಅದನ್ನು ಮೊಣಕಾಲ ಮೇಲೆ ಹರವಿ, ಅಂಗೈಯಿಂದ ಸವರಿ ಸವರಿ ಸಾಪು ಮಾಡಿದ.

"ಆತು ನೋಡು" ಎಂದ. ನನಗೆ ಹೇಳಿದ್ದಲ್ಲ.