ಅತ್ತೆ ವಿಭೂತಿ ಹಚ್ಚಿ ಉಜ್ಜಿದ ಟಾರ್ಚು

ಭೂತ, ಪವಾಡ ಎಂದರೆ ನಗುವವಳು ನಾನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಬನಶಂಕರಿಯ ನಮ್ಮ ಮನೆಯಲ್ಲೇ ಒಂದು ಸಂಜೆ ನಡೆದದ್ದನ್ನು ಇದ್ದ ಹಾಗೆ ಬರೆದುಬಿಡುತ್ತೇನೆ. ನಿಮಗೇನಾದರೂ ಹೊಳೆದರೆ ಸರಿ.

ನಮ್ಮಲ್ಲಿ ಮೂರು ಟಾರ್ಚುಗಳಿವೆ. ಫೋನಿನಲ್ಲೇ ಬೆಳಕು ಬರುವಾಗ ಇವೇಕೆ ಎಂದು ನನ್ನ ಗಂಡ ಕೇಳುತ್ತಾರೆ. ನನಗೆ ಅವುಗಳ ಮೇಲೆ ಅದೇನೋ ಮಮತೆ. ಆಗಾಗ ಹಳೇ ಪೇಪರು ಹಾಸಿಕೊಂಡು ಕೂತು, ಸೆಲ್ಲು ತೆಗೆದು, ಸ್ಪ್ರಿಂಗಿಗೆ ಹಿಡಿದ ಕಿಲುಬನ್ನು ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಗಾಜು ತೊಳೆದು ಒಣಗಲು ಬಿಡುತ್ತೇನೆ. ಬಲ್ಬಿನ ಸುತ್ತ ಇರುವ ಬೆಳ್ಳಿಬಣ್ಣದ ಬಟ್ಟಲನ್ನು ಮಾತ್ರ ಉಜ್ಜಬಾರದು. ಊದಿ ಧೂಳು ಹಾರಿಸಬೇಕು, ಅಷ್ಟೆ.

ಇದು ಗೊತ್ತಾದದ್ದು ನಮ್ಮ ಅತ್ತೆಯ ಎಡವಟ್ಟಿನಿಂದ. ಒಂದು ಆಯುಧಪೂಜೆಗೆ ಅವರು ಬೆಳ್ಳಿ ದೀಪಗಳ ಜೊತೆಗೆ ದೊಡ್ಡ ಟಾರ್ಚಿನ ಬಟ್ಟಲಿಗೂ ವಿಭೂತಿ ಹಚ್ಚಿ ಗಸಗಸ ಉಜ್ಜಿಬಿಟ್ಟಿದ್ದರು. ಹೊಳಪು ಹೋಯಿತು. ಅಂದಿನಿಂದ ಅದರ ಬೆಳಕು ಎಲ್ಲಿ ಬಿದ್ದರೂ ನಡುವೆ ಮಸುಕು, ಸುತ್ತ ತುದಿ ಸೇರದ ಕೋಡುಬಳೆಯಂಥ ಒಂದು ಆಕಾರ.

ಅತ್ತೆ ಕೆಟ್ಟವರಲ್ಲ. ಹೊಗಳುವುದು ಮಾತ್ರ ಅವರಿಗೆ ಬರುವುದಿಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ.

ಆ ಸಂಜೆ ಮೂರೂ ಟಾರ್ಚುಗಳನ್ನು ಒಟ್ಟಿಗೆ ಬಿಚ್ಚಿ ನಡುಮನೆಯಲ್ಲಿ ಹರಡಿಕೊಂಡಿದ್ದೆ. "ಹೆತ್ತ ಮಕ್ಕಳಿಗೂ ಇಷ್ಟು ಎಣ್ಣೆಸ್ನಾನ ಮಾಡಿಸ್ಲಿಲ್ಲ ನೀನು" ಎಂದು ಛೇಡಿಸುತ್ತಾ ಅತ್ತೆ ಬಟ್ಟೆ ತರಲು ತಾರಸಿಗೆ ಹತ್ತಿದರು. ಆಗಷ್ಟೇ ಅವರ ಒಂದು ಕಣ್ಣಿನ ಪೊರೆ ತೆಗೆಸಿದ್ದೆವು. ನಾನು ಹೋಗುತ್ತೇನೆ ಎಂದರೂ ಕೇಳಲಿಲ್ಲ. ನಮ್ಮ ತಾರಸಿಗೆ ಮನೆಯ ಹಿಂದೆ ಕಬ್ಬಿಣದ ಮೆಟ್ಟಿಲು. ಒಂದು ಕಡೆ ಹಿಡಿಯಲು ಕಂಬಿಯೇ ಇಲ್ಲ.

ಕತ್ತಲಾಗುತ್ತಿದ್ದಂತೆ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಕಪ್ಪಾಯಿತು. ಇನ್ವರ್ಟರಿನ ಬ್ಯಾಟರಿ ರಿಪೇರಿಗೆ ಹೋಗಿತ್ತು, ನನ್ನ ಫೋನು ಚಾರ್ಜು ಮುಗಿದು ಸತ್ತಿತ್ತು, ಗಂಡ, ಮಕ್ಕಳು ಯಾರೂ ಇನ್ನೂ ಮನೆಗೆ ಬಂದಿರಲಿಲ್ಲ. "ಅತ್ತೆ, ಅಲ್ಲೇ ನಿಂತ್ಕೊಳ್ಳಿ, ಬಂದೆ" ಎಂದು ಕೂಗಿದೆ. ಏಳುವ ಗಡಿಬಿಡಿಯಲ್ಲಿ ಕಾಲು ತಾಗಿ ಸೆಲ್ಲುಗಳು ಸೋಫಾದ ಕೆಳಗೆಲ್ಲೋ ಉರುಳಿದವು. ನೆಲದ ಮೇಲೆ ಮಂಡಿಯೂರಿ ತಡಕಾಡುತ್ತಿದ್ದಾಗ ಹಿಂದಿನ ಮೆಟ್ಟಿಲಿನ ಸದ್ದು ಕೇಳಿತು. ಬೀಳುತ್ತಾರೆ, ಇನ್ನೇನು ಬಿದ್ದರು ಅಂದುಕೊಂಡೆ. ಆದರೆ ಸದ್ದು ನಿಧಾನವಾಗಿ, ಒಂದೇ ಸಮನೆ ಇಳಿಯಿತು. ಆಮೇಲೆ ಹಿತ್ತಿಲ ಬಾಗಿಲ ಬಳಿ ಅತ್ತೆಯ ದನಿ.

"ಹೊಸಿಲು ದಾಟೋವರೆಗಾದ್ರೂ ಹಿಡೀಬಾರ್ದೇನೇ? ಅಷ್ಟರಲ್ಲೇ ಆರಿಸ್ಬಿಟ್ಯಲ್ಲ."

"ಏನನ್ನ ಅತ್ತೆ?"

"ಟಾರ್ಚು ಕಣೇ. ನಾನು ಉಜ್ಜಿ ಹಾಳು ಮಾಡಿದ್ನಲ್ಲ, ಅದೇ. ಆ ಕೋಡುಬಳೆ ಬೆಳಕು ನೋಡಿದ್ರೆ ಗೊತ್ತಾಗಲ್ವಾ?"

ಕೆಳಗಿನಿಂದ ಒಂದೊಂದೇ ಮೆಟ್ಟಿಲಿಗೆ ಬೆಳಕು ಬೀಳುತ್ತಿತ್ತಂತೆ. ಅವರು ಕಾಲಿಟ್ಟ ಮೇಲೆ ಮುಂದಿನದಕ್ಕೆ ಸರಿಯುತ್ತಿತ್ತಂತೆ. ದಣಿವಾರಿಸಿಕೊಳ್ಳಲು ನಿಂತರೆ ಅದೂ ನಿಲ್ಲುತ್ತಿತ್ತಂತೆ.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಆ ಟಾರ್ಚಿನ ಬಲ್ಬು ಒಂದು ಕಡೆ, ಗಾಜು ಒಂದು ಕಡೆ, ಪೇಪರಿನ ಮೇಲೆ ನಾನು ಇಟ್ಟಂತೆಯೇ ಇದ್ದವು. ಸೆಲ್ಲುಗಳನ್ನು ಸೋಫಾ ಸರಿಸಿ ಹುಡುಕಬೇಕಾಯಿತು.

ಪಕ್ಕದ ಮನೆಯವರನ್ನು ಕೇಳಿದೆ. ಅವರು ಹೊರಗೆ ಬಂದೇ ಇರಲಿಲ್ಲ. ಗಾಡಿಯ ಬೆಳಕು ಹಿತ್ತಿಲಿಗೆ ಬರುವ ದಾರಿಯಿಲ್ಲ. ಕಣ್ಣಿನ ಆಪರೇಷನ್ನಿನ ದೋಷವಿರಬಹುದು ಎಂದು ನನ್ನ ಗಂಡ ಅಂದರು. ಇರಬಹುದು. ಹಾಗಾದರೆ ಆ ಕತ್ತಲಲ್ಲಿ, ತೋಳ ತುಂಬ ಬಟ್ಟೆ ಹೊತ್ತು ಅತ್ತೆ ಹೇಗೆ ಇಳಿದರು?

ಅತ್ತೆಗೆ ಮಾತ್ರ ಯಾವ ಅನುಮಾನವೂ ಇಲ್ಲ. ಬಂದವರಿಗೆಲ್ಲ ಹೇಳುತ್ತಾರೆ: "ನಮ್ಮ ಸೊಸೆ ಅವತ್ತು ಬೆಳಕು ಹಿಡೀದೆ ಇದ್ದಿದ್ರೆ ನಾನೆಲ್ಲಿ ಇರ್ತಿದ್ದೆ? ಒಂದು ಮೆಟ್ಲೂ ತಪ್ಪಿಸ್ಲಿಲ್ಲ ಕಣ್ರೀ." ನಾನಲ್ಲ ಎಂದು ಮೊದಮೊದಲು ಎಷ್ಟೋ ಸಲ ಹೇಳಿದೆ. "ಹೊಗಳಿದ್ರೆ ಆಗಲ್ಲ ಇವಳಿಗೆ" ಎಂದು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ.

ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಅತ್ತೆಯನ್ನು ಇಳಿಸಿಕೊಂಡು ಬಂದವರು ಯಾರೋ ಗೊತ್ತಿಲ್ಲ. ಅವರಿಗೆ ಸಲ್ಲಬೇಕಾದ ಹೊಗಳಿಕೆಯನ್ನು ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.